ಬೇರೆ ಬಾಯಿ ಇರಕೂಡದು

ಮೊನ್ನೆ ಸಂಜೆ ಮೊಮ್ಮಗಳು ಸುಮ ಫೋನನ್ನು ಎರಡು ಕೈಯಲ್ಲೂ ಹಿಡಿದು ಮುಖ ಊದಿಸಿಕೊಂಡು ಕೂತಿದ್ದಳು. ದೇಶದ ದೊಡ್ಡ ಫುಟ್‌ಬಾಲ್ ಲೀಗಿನ ಆಟವಂತೆ. ಪರದೆ ಪೂರ್ತಿ ಕಪ್ಪು, ನಡುವೆ ಒಂದೇ ಸಾಲು ಬರಹ.

"ಎಂತ ಬರದ್ದು ಅದ್ರಲ್ಲಿ?" ಎಂದೆ.

"ಇಲ್ಲಿ ತೋರ್ಸ್ತಿಲ್ಲೆ ಹೇಳಿ. ತೋರ್ಸೋ ಹಕ್ಕು ಯಾರಿಗೆ ಹೇಳಿ ಇನ್ನೂ ಮಾತುಕತೆ ನಡೀತಾ ಇದ್ದಡ ಅಮ್ಮಮ್ಮ."

"ಆಡೋರು ಆಡ್ತಾ ಇದ್ವಾ?"

"ಆಡ್ತಾ ಇದ್ದ."

"ನೋಡೋರು?"

"ಕಾಯ್ತಾ ಇದ್ದ."

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಸಿಟ್ಟು ಬಂತು. ಈ ಜಗಳವನ್ನು ನಾನು ಹದಿನೇಳನೇ ವಯಸ್ಸಿಗೇ ಇದೇ ಶಿರಸಿಯಲ್ಲಿ ಆಡಿ ಮುಗಿಸಿದ್ದೇನೆ ಎಂದು ಹೇಳಿದೆ.

"ಸುಮ್ನಿರು ಅಮ್ಮಮ್ಮ. ಆಗ ಟೀವಿನೇ ಇತ್ತಿಲ್ಲೆ."

"ಟೀವಿ ಇತ್ತಿಲ್ಲೆ. ಆನು ಇದ್ದಿದ್ದಿ."

ಹಾಗಾದರೆ ಬರೆ ಎಂದಳು. ಫೋನಿನಲ್ಲಿ ಕನ್ನಡ ಒತ್ತುವುದನ್ನು ಎರಡು ತಿಂಗಳ ಹಿಂದೆ ಅವಳೇ ಕಲಿಸಿದ್ದಾಳೆ. ಒಂದೇ ಬೆರಳು ಸಾಕಾಗುತ್ತದೆ. ತೊಂದರೆ ಏನೆಂದರೆ ಬಾಯಿ ಎಂದು ಒತ್ತಿದರೆ ಈ ಫೋನು ಬಾವಿ ಎಂದು ತಿದ್ದುತ್ತದೆ. ನಾನು ಹೇಳಹೊರಟಿರುವುದು ಪೂರಾ ಬಾಯಿಯ ಕತೆ. ಎಲ್ಲಾದರೂ ಬಾವಿ ಕಂಡರೆ ಅದನ್ನು ಬಾಯಿ ಎಂದೇ ಓದಿಕೊಳ್ಳಿ.

ನಮ್ಮ ಜಿಲ್ಲೆ ಮುಂಬಯಿ ಸರಕಾರ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಅಪ್ಪಯ್ಯನದು ಬಾಡಿಗೆ ಸಾಮಾನಿನ ಅಂಗಡಿ. ಬಾಗಿಲ ಮೇಲಿನ ಕಪ್ಪು ಹಲಗೆಯಲ್ಲಿ "ಮೈಕು, ಪೆಟ್ರೋಮ್ಯಾಕ್ಸು, ಜಮಖಾನೆ, ದೊಡ್ಡ ಪಾತ್ರೆ ಬಾಡಿಗೆಗೆ ಇವೆ" ಎಂದು ಬರೆದಿತ್ತು. ಊರಿಗೆಲ್ಲ ಅವರು ಮೈಕು ಭಟ್ಟರು. ಇಡೀ ತಾಲೂಕಿಗೆ ದೊಡ್ಡ ದನಿ ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ ತಾನು ಮಾತ್ರ ದನಿ ಎತ್ತುತ್ತಿರಲಿಲ್ಲ. ಯಾರು ಏನು ಅಂದರೂ ಅವರ ಉತ್ತರ ಒಂದೇ, "ಅಡ್ಡಿಲ್ಲೆ." ಜಮಖಾನೆ ಸುಟ್ಟು ತೂತು ಮಾಡಿ ತಂದುಕೊಟ್ಟವರಿಗೂ ಅಡ್ಡಿಲ್ಲೆ.

ಆಗಿನ ಧ್ವನಿವರ್ಧಕ ಎಂದರೆ ಬ್ಯಾಟರಿಯ ಮೇಲೆ ನಡೆಯುವ ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಕೈಯಲ್ಲಿ ಹಿಡಿಯುವ ಮೈಕು, ಕಂಬಕ್ಕೆ ಕಟ್ಟುವ ತಗಡಿನ ಹಾರ್ನು. ಹಾರ್ನು ಮದ್ದುಗುಣಿಕೆ ಹೂವಿನ ಹಾಗೆ ಬಾಯಿ ಅಗಲಿಸಿಕೊಂಡಿರುತ್ತಿತ್ತು. ಅದಕ್ಕೇ ನಮ್ಮ ಅಂಗಡಿಯಲ್ಲಿ ಅದರ ಹೆಸರು ಬಾಯಿ. ಉಪನಯನಕ್ಕೆ ಒಂದು ಬಾಯಿಯ ಸೆಟ್ಟು, ಮದುವೆಗೆ ಎರಡು ಬಾಯಿಯ ಸೆಟ್ಟು. ಬಾಯಿ ಯಾವ ಕಡೆ ತಿರುಗಿರುತ್ತದೋ ಆ ಕಡೆಯವರಿಗೆ ಮಾತು, ಹಿಂದಿದ್ದವರಿಗೆ ಬರೀ ಗುಂಯ್‌ಗುಡುವಿಕೆ.

ಮಳೆಗಾಲ ಮುಗಿದು ಮೈದಾನದ ಕೆಸರು ಗಟ್ಟಿಯಾದ ಮೇಲೆ, ಕಾರ್ತಿಕದಲ್ಲಿ, ಮೂರು ತಾಲೂಕಿನ ಫುಟ್‌ಬಾಲ್ ಲೀಗು ನಡೆಯುತ್ತಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ. ಮೂರು ಭಾನುವಾರ, ಮೂರು ಆಟ. ಮೈದಾನದ ಸುತ್ತ ಬಿದಿರಿನ ತಟ್ಟಿ ಕಟ್ಟಿ ಒಳಗೆ ಗಂಡಸರನ್ನು ಮಾತ್ರ ಬಿಡುತ್ತಿದ್ದರು. ಹೆಂಗಸರು ಬರಬಾರದು ಎಂದು ಯಾರೂ ಹೇಳಿರಲಿಲ್ಲ. ಹೆಂಗಸರಿಗೆ ಜಾಗ ಇಲ್ಲ ಎಂದಿದ್ದರು. ಒಳಗೆ ಹೋಗುತ್ತಿದ್ದ ಹೆಂಗಸು ಒಬ್ಬರೇ, ನರ್ಸಬಾಯಿ. ಆಟಗಾರರಿಗೆ ಪೆಟ್ಟಾದರೆ ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಬೇಕಲ್ಲ. ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು; ಮುಂಬಯಿ ಕಾಲದ ಆ ರೂಢಿಯಲ್ಲಿ ನಮ್ಮಲ್ಲಿ ನರ್ಸಿಗೆ ನರ್ಸಬಾಯಿ ಎಂದೇ ಕರೆಯುತ್ತಿದ್ದದ್ದು. ಇವರು ಕರಾವಳಿಯ ಕೊಂಕಣಿ ಕ್ರಿಸ್ತರು, ಹೆಸರು ಸಿಸಿಲಿಯಾ. ಆ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ನರ್ಸಬಾಯಿಯ ಮನೆ ಮೈದಾನಕ್ಕೆ ಹೊಂದಿಕೊಂಡ ದಿಬ್ಬದ ಮೇಲಿತ್ತು. ಅಂಗಳದಲ್ಲಿ ಯಾರೋ ಕಟ್ಟಡಕ್ಕೆಂದು ತಂದು ಹಾಕಿ ಮರೆತ ಚಿರೆಕಲ್ಲಿನ ರಾಶಿ. ಆಟದ ದಿನ ಹೆಂಗಸರು ಬಂದು ಆ ಕಲ್ಲುಗಳ ಮೇಲೆ ಕೂರುತ್ತಿದ್ದರು. ಅಲ್ಲಿಂದ ಆಟ ಕಾಣುತ್ತಿರಲಿಲ್ಲ, ತಟ್ಟಿಯ ಬೆನ್ನು ಕಾಣುತ್ತಿತ್ತು. ಆದರೆ ಅಪ್ಪಯ್ಯ ಎರಡು ಬಾಯಿಯ ಸೆಟ್ಟು ಹಾಕಿ ಒಂದು ಬಾಯಿಯನ್ನು ರಸ್ತೆಗೂ ಇನ್ನೊಂದನ್ನು ಆ ಅಂಗಳಕ್ಕೂ ತಿರುಗಿಸುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ಹಿಂದಿನ ವರ್ಷ ಮೈಕಿನಲ್ಲಿ ಆಟ ಹೇಳಬೇಕಾದವನ ಗಂಟಲು ಕಟ್ಟಿ, ಅಪ್ಪಯ್ಯನ ಕೈಕೆಲಸಕ್ಕೆಂದು ಹೆಂಗಸರ ಲೆಕ್ಕಕ್ಕೆ ಸೇರದೆ ತಟ್ಟಿಯೊಳಗೆ ಬಂದು ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ನನ್ನ ಕೈಗೆ ಅಪ್ಪಯ್ಯ ಮೈಕು ಕೊಟ್ಟಿದ್ದರು. ಅಂಗಡಿಯ ರೇಡಿಯೋದಲ್ಲಿ ಕಲಕತ್ತೆಯ ಫುಟ್‌ಬಾಲನ್ನು ಯಾವ ಭಾಷೆಯಲ್ಲಿ ಕೂಗಿದರೂ ಬಿಡದೆ ಕೇಳಿದವಳು ನಾನು. ಭಾಷೆ ತಿಳಿಯದಿದ್ದರೂ ಉಸಿರು ತಿಳಿಯುತ್ತಿತ್ತು. ಚೆಂಡು ಗೋಲಿನ ಹತ್ತಿರ ಹೋದ ಹಾಗೆ ಕೂಗುವವನ ಉಸಿರು ಸಣ್ಣದಾಗುತ್ತಿತ್ತು. ಅದನ್ನು ಹಿಡಿದುಕೊಂಡು ನಾನು ನಮ್ಮ ಮಾತಿನಲ್ಲಿ ಹೇಳಿದೆ. "ಚೆಂಡು ಸಿದ್ದಾಪುರದ ಕುಳ್ಳನ ಕಾಲಿಗೆ. ಕುಳ್ಳ ಓಡಿದ, ಒಬ್ಬನ್ನ ದಾಟಿದ, ಇನ್ನೊಬ್ಬನ್ನ ದಾಟಿದ, ಮೂರನೆಯವನು ಕಾಲು ಕೊಟ್ಟ, ಕುಳ್ಳ ಮಕಾಡೆ." ಚಿರೆಕಲ್ಲಿನ ಮೇಲಿದ್ದವರು ಬಿದ್ದು ಬಿದ್ದು ನಕ್ಕರಂತೆ. ಹೂ ಮಾರುವ ದುರ್ಗಮ್ಮ ಮರುದಿನ ಒಂದು ಮಾರು ಅಬ್ಬಲಿಗೆ ತಂದು ನನ್ನ ಕೈಗೆ ಇಟ್ಟಳು. ಶಿರಸಿ ತಂಡದಲ್ಲಿ ಗೋಲು ಕಾಯುವ ಬಾಬು ಅವಳ ಮಗ. ಅವನು ಆಡುವುದನ್ನು ಅವಳು ಕಣ್ಣಾರೆ ಕಂಡಿರಲಿಲ್ಲ.

ಮೈಕು ಒಂದು ಸಲ ಹಿಡಿದ ಕೈ ಮತ್ತೆ ತಂತಿ ಸುತ್ತಲು ಒಪ್ಪುವುದಿಲ್ಲ. ವರ್ಷವಿಡೀ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಲೂ ಆಟ ಹೇಳಿಕೊಂಡೆ. ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಬೈಯುತ್ತಿದ್ದಳು, "ಗಂಡಸ್ರ ಆಟ ಹೇಳಿ ನಿಂಗೆಂತ ಆಗಕಾಜು?" ನನಗೆ ಏನೂ ಆಗಬೇಕಾಗಿರಲಿಲ್ಲ. ಮೈಕು ಬೇಕಾಗಿತ್ತು.

ಆ ವರ್ಷ ಅಡ್ಡ ಬಂದವರು ರುದ್ರಪ್ಪ ಸಾವ್ಕಾರರು. ಬನವಾಸಿ ಕಡೆಯವರು, ಮೈದಾನದ ಎದುರಿನ ರಸ್ತೆಯಲ್ಲಿ ಅವರ ಚಾ ಹೋಟೆಲು. ಒಂದು ಬೆಳಿಗ್ಗೆ ಅಂಗಡಿಗೆ ಬಂದು ಜಮಖಾನೆಯ ಸುರುಳಿಯ ಮೇಲೆ ಕೂತರು.

"ಭಟ್ರ, ನಿಮ್ಮ ಪೆಟ್ಟಿಗಿ ಮುದಿ ಆತ್ರಿ. ಹೋದ ವರ್ಷ ಲಗ್ನದಾಗ ಮಂತ್ರದ ನಡುವ ಕೆಮ್ಮಿತು. ನಾ ಹುಬ್ಬಳ್ಳಿಂದ ಹೊಸಾದ ತರಸ್ತೀನಿ. ನಿಮ್ಮ ಅಂಗಡ್ಯಾಗ ಇರ್ಲಿ, ವರ್ಷಪೂರ್ತಿ ನೀವ ದುಡಿಸ್ರಿ."

"ಅಡ್ಡಿಲ್ಲೆ," ಎಂದರು ಅಪ್ಪಯ್ಯ.

"ಒಂದ ಕರಾರು. ಲೀಗಿನ ಸುದ್ದಿ ನನ್ನ ಹೋಟೆಲ್ಲಿಗೆ ಅಷ್ಟ ಬರಬೇಕು. ಆಟ ಕಾಣದವ್ರು ಕೇಳಬೇಕಂದ್ರ ಹೋಟೆಲ್ಲಿಗೆ ಬರ್ಲಿ, ಚಾ ಕುಡೀಲಿ. ಒಂದ ಹಾರ್ನು, ನನ್ನ ಕಡೆ."

"ಹೆಂಗಸ್ರು ನಿಮ್ಮ ಹೋಟೆಲ್ಲಿಗೆ ಬತ್ವಿಲ್ಲೆ," ಎಂದೆ ನಾನು ಪಾತ್ರೆಗಳ ಹಿಂದಿನಿಂದ.

ಸಾವ್ಕಾರರು ಕತ್ತು ಚಾಚಿ ನೋಡಿದರು. "ಪಾತ್ರಿನೂ ಮಾತಾಡ್ತಾವಲ್ರಿ ನಿಮ್ಮಲ್ಲೆ."

ಅಪ್ಪಯ್ಯ ನನ್ನ ಕಡೆ ನೋಡಲಿಲ್ಲ, ಹಳೆಯ ಪೆಟ್ಟಿಗೆಯ ಕಡೆ ನೋಡಿದರು. ನಿಜಕ್ಕೂ ಅದು ಸಾಯುತ್ತಿತ್ತು. ಮದುವೆಯ ಕಾಲ ಹತ್ತಿರ ಬಂದಿತ್ತು. ಮೈಕಿಲ್ಲದ ಮೈಕು ಭಟ್ಟರನ್ನು ಯಾರು ಕರೆಯುತ್ತಾರೆ? ನಮ್ಮ ಅನ್ನ ಆ ಪೆಟ್ಟಿಗೆಯಲ್ಲಿತ್ತು.

ಒಪ್ಪಂದ ಬರೆದವರು ಲೀಗು ಸಮಿತಿಯ ಕಾರ್ಯದರ್ಶಿ, ಶಾಲೆಯ ಮಾಸ್ತರರು. ಅಪ್ಪಯ್ಯ ಹಾರ್ನಿಗೆ ಬಾಯಿ ಬಾಯಿ ಎನ್ನುತ್ತಿದ್ದರಲ್ಲ, ಮಾಸ್ತರರೂ ಹಾಗೇ ಬರೆದರು. ಕಚೇರಿಯ ಗತ್ತಿನಲ್ಲಿ ಬರೆದ ಆ ಸಾಲು ನನಗೆ ಇವತ್ತಿಗೂ ಬಾಯಿಪಾಠ: "ಪಂದ್ಯಗಳ ಕಾಲಕ್ಕೆ ಸದರಿ ಹೋಟೆಲಿನ ಕಡೆಗೆ ತಿರುಗಿಸಿದ ಒಂದು ಬಾಯಿಯ ಹೊರತು ಬೇರೆ ಬಾಯಿ ಇರಕೂಡದು." ಆಟ ಹೇಳುವ ಕೆಲಸವನ್ನೂ ಮಾಸ್ತರರು ತಾವೇ ಇಟ್ಟುಕೊಂಡರು. ಅಪ್ಪಯ್ಯ ಸಹಿ ಹಾಕಿದರು. ನಾನು ಎರಡು ದಿನ ಅವರಿಗೆ ಊಟ ಬಡಿಸಲಿಲ್ಲ. ಅದಕ್ಕೂ ಅಡ್ಡಿಲ್ಲೆ ಎಂದು ತಾವೇ ಬಡಿಸಿಕೊಂಡರು.

ಮೊದಲ ಭಾನುವಾರ ಶಿರಸಿಗೂ ಸಿದ್ದಾಪುರಕ್ಕೂ ಆಟ. ಬೆಳಗಿನ ಇಬ್ಬನಿ ಕರಗಿ, ಬಿಸಿಲು ಏರಿ, ಕಾಲಿನ ಕೆಳಗೆ ಕೆಂಪು ಧೂಳು ಏಳತೊಡಗಿತ್ತು. ಹೆಂಗಸರು ರೂಢಿಯಂತೆ ಚಿರೆಕಲ್ಲಿನ ಮೇಲೆ ಬಂದು ಕೂತರು, ಈ ಸಲ ನಾನೂ. ಹಾರ್ನಿನ ಬೆನ್ನು ಅವರ ಕಡೆಗಿತ್ತು. ನರ್ಸಬಾಯಿ ಔಷಧದ ಡಬ್ಬಿ ಹಿಡಿದು ಮೈದಾನಕ್ಕೆ ಇಳಿಯುವ ಮೊದಲು ನನ್ನ ಮುಖ ನೋಡಿದರು.

"ಎಂತ ಭಾಗಿ, ಮುಖ ಹುಳಿ ಮಾಡ್ಕೊಂಡಿದ್ದೀ. ಮೇಲೆ ಮಾಳಿಗೆಯಲ್ಲಿ ಕಿಟಕಿ ಉಂಟು. ಅಲ್ಲಿಂದ ತಟ್ಟಿಯ ಆಚೆ ಕಾಣ್ತದೆ. ಹೋಗಿ ಕೂತ್ಕೋ."

ಹೋಗಿ ಕೂತೆ. ಇಡೀ ಮೈದಾನ ಅಂಗೈಯಲ್ಲಿಟ್ಟ ಹಾಗೆ ಕಂಡಿತು. ರಸ್ತೆಯಾಚೆ ಹೋಟೆಲಿನ ಕಡೆಯಿಂದ ಮಾಸ್ತರರ ದನಿ ಹರಿದು ಹರಿದು ಬರುತ್ತಿತ್ತು. "ಇದೀಗ ಕಂದುಕವು ವಾಮಪಾರ್ಶ್ವದತ್ತ ಧಾವಿಸುತ್ತಿರುವುದನ್ನು ತಾವು..." ಆ ವಾಕ್ಯ ಮುಗಿಯುವಷ್ಟರಲ್ಲಿ ಕಂದುಕ ಬಲಗಡೆಯಿಂದ ಗೋಲಿಗೆ ಹೋಗಿಯಾಗಿತ್ತು.

ಕೆಳಗಿನಿಂದ ದುರ್ಗಮ್ಮ ಕೂಗಿದಳು. "ತಂಗೀ, ನನ್ನ ಮಗ ಏನ್ ಮಾಡ್ತಾ ಅವ್ನೆ? ಬಾಕಿಯೋರದು ಬ್ಯಾಡ."

"ಪಂಚೆ ಸರಿ ಮಾಡ್ಕೊಂಡು ಗೋಲಿನ ಕಂಬಕ್ಕೆ ಒರಗಿದ್ದಾನೆ," ಎಂದೆ. ಎಲ್ಲರೂ ನಕ್ಕರು. ಆಮೇಲೆ ಚೆಂಡು ಎಲ್ಲಿದೆ ಎಂದು ಇನ್ನೊಬ್ಬಳು ಕೇಳಿದಳು. ಹೇಳಿದೆ. ಹೇಳುತ್ತ ಹೇಳುತ್ತ ದನಿ ತಾನಾಗಿ ಏರಿತು. ತೊಟ್ಟಿಲು ಬಿಟ್ಟ ದಿನದಿಂದ ನನ್ನದು ಗಟ್ಟಿ ದನಿ. ಆಯಿ ಅದನ್ನು ನನ್ನ ದೊಡ್ಡ ದೋಷ ಎಂದುಕೊಂಡಿದ್ದಳು. ಅರ್ಧ ಆಟ ಮುಗಿಯುವ ಹೊತ್ತಿಗೆ ಹೋಟೆಲಿನ ಕಟ್ಟೆಯ ತುದಿಯಲ್ಲಿ ನಾಲ್ಕು ಗಂಡಸರು ಹಾರ್ನಿಗೆ ಬೆನ್ನು ಹಾಕಿ ನನ್ನ ಕಡೆಗೆ ಕಿವಿ ಇಟ್ಟಿದ್ದು ಕಂಡಿತು. ಆಟ ಮುಗಿಯುವಾಗ ಅವರು ಎಂಟು ಜನರಾಗಿ ಚಾದ ಲೋಟ ಹಿಡಿದೇ ರಸ್ತೆ ದಾಟಿ ನರ್ಸಬಾಯಿಯ ಬೇಲಿಗೆ ಬಂದಿದ್ದರು. ಶಿರಸಿ ಗೆದ್ದಿತು.

ಮರುದಿನ ಸಾವ್ಕಾರರು ಮತ್ತೆ ಜಮಖಾನೆಯ ಸುರುಳಿಯ ಮೇಲೆ ಕೂತಿದ್ದರು. ಕೈಯಲ್ಲಿ ಒಪ್ಪಂದದ ಕಾಗದ.

"ಭಟ್ರ, ನನ್ನ ಲೋಟಾ ಎಂಟು ಆ ಬೇಲ್ಯಾಗ ಸಿಕ್ಕಾವ. ಇದೇನ್ರಿ ನ್ಯಾಯ? ಬೇರೆ ಬಾಯಿ ಇರಕೂಡದು ಅಂತ ಬರದೈತಿ. ನಿಮ್ಮ ಮಗಳ ಬಾಯಿ ಮುಚ್ಚಸ್ರಿ. ಇಲ್ಲಾಂದ್ರ ಪೆಟ್ಟಿಗಿ ಒಯ್ತೀನಿ."

ಅವರು ಹೋದ ಮೇಲೆ ಅಪ್ಪಯ್ಯ ತುಂಬ ಹೊತ್ತು ಹೊಸ ಪೆಟ್ಟಿಗೆಯ ಧೂಳು ಒರೆಸಿದರು. ಅದರಲ್ಲಿ ಧೂಳೇ ಇರಲಿಲ್ಲ.

"ಭಾಗೀ, ಆ ಕಿಟಕಿಲಿ ಕೂಗದು ಬ್ಯಾಡ ಮಾರಾಯ್ತಿ. ಇದನ್ನ ತಗಂಡು ಹೋದ್ರೆ ಎಂತ ಮಾಡದು?"

"ಆನು ಮೈಕಲ್ಲಿ ಕೂಗಿದ್ನಿಲ್ಲೆ ಅಪ್ಪಯ್ಯ. ಬರೀ ಬಾಯಲ್ಲಿ ಕೂಗಿದ್ದಿ."

"ಬಾಯಿ ಹೇಳೇ ಬರದ್ದಲೆ."

"ಅದು ತಗಡಿನ ಬಾಯಿ. ಇದು ಯನ್ನ ಬಾಯಿ."

ಅಪ್ಪಯ್ಯ ಅಡ್ಡಿಲ್ಲೆ ಎನ್ನಲಿಲ್ಲ. ಅದು ಸ್ವಲ್ಪ ಹೊಸದಾಗಿತ್ತು. ಒಪ್ಪಂದದ ತಮ್ಮ ಪ್ರತಿಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ, ನನ್ನ ಕೈಗೆ ಸಿಗುವ ಹಾಗೆ ಬಿಟ್ಟು ಊಟಕ್ಕೆ ಹೋದರು. ನಾನು ಆ ಸಾಲನ್ನು ನಕಲು ಮಾಡಿಕೊಂಡು ಸೀದಾ ನರ್ಸಬಾಯಿಯ ಮನೆಗೆ ಹೋದೆ.

ನರ್ಸಬಾಯಿ ಸೂಜಿ ಕುದಿಸುತ್ತಿದ್ದರು. ಕಾಗದ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಬೇರೆ ಬಾಯಿ ಇರಕೂಡದು ಅಂತ ಉಂಟಲ್ಲ ಭಾಗಿ. ನಾನು ಯಾರು?"

"ನರ್ಸಬಾಯಿ," ಎಂದೆ. ಹೇಳಿದ ಮೇಲೆ ನನಗೂ ತಿಳಿಯಿತು.

ಎರಡನೇ ಭಾನುವಾರ ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಆಟ. ನಾನು ಕಿಟಕಿಯಲ್ಲಿ ತುಟಿ ಬಿಗಿಹಿಡಿದು ಕೂತಿದ್ದೆ. ನರ್ಸಬಾಯಿಯ ಸೂಚನೆ ಹಾಗಿತ್ತು. ಅವರು ಬಿಳಿ ಸೀರೆಯುಟ್ಟು, ಡಬ್ಬಿ ಪಕ್ಕದಲ್ಲಿಟ್ಟುಕೊಂಡು ತಮ್ಮ ಜಗಲಿಯ ಮೇಲೇ ಕೂತರು. ಅರ್ಧ ಗಂಟೆಯೊಳಗೆ ಸಿದ್ದಾಪುರದ ಕುಳ್ಳನ ಪಾದ ಉಳುಕಿತು. ಅವನನ್ನು ಇಬ್ಬರು ಎತ್ತಿಕೊಂಡು ತಟ್ಟಿ ಸರಿಸಿ ದಿಬ್ಬ ಹತ್ತಿಸಿ ತಂದರು. ನರ್ಸಬಾಯಿ ಪಟ್ಟಿ ಕಟ್ಟಿ ಕಳಿಸಿದರು. ಹಿಂದೆಯೇ ಇನ್ನೊಬ್ಬನ ಹುಬ್ಬು ಒಡೆಯಿತು. ಅವನನ್ನೂ ಹತ್ತಿಸಿದರು. ಪ್ರತಿ ಸಲ ರೆಫರಿ ಸೀಟಿ ಊದಿ ಆಟ ನಿಲ್ಲಿಸಿ ದಿಬ್ಬದ ಕಡೆ ನೋಡುತ್ತ ನಿಲ್ಲಬೇಕು. ಮಾಸ್ತರರು ಮೈಕಿನಲ್ಲಿ ಹೇಳಲು ಏನೂ ಇಲ್ಲದೆ ನಿಸರ್ಗವರ್ಣನೆಗೆ ಇಳಿದರು.

ಹಾಫ್‌ಟೈಮಿನಲ್ಲಿ ಯಲ್ಲಾಪುರದ ನಾಯಕ ಉಮ್ಮಚಗಿ ಗಪ್ಪು ಮೈದಾನದ ನಡುವೆ ಕೂತುಬಿಟ್ಟ. ಅವನ ಮೊಣಕಾಲು ಹಳೆಯ ಪೆಟ್ಟಿನದು, ಹೊಸದಾಗಿ ಬಿಗಿದು ಕಟ್ಟದೆ ಏಳುವವನಲ್ಲ.

"ನರ್ಸಬಾಯಿ ಇಲ್ಲಿಗೆ ಬರವು. ಆ ಗುಡ್ಡ ಹತ್ತಿ ಇಳದ್ರೆ ಇದ್ದ ಕಾಲೂ ಹೋಗ್ತು. ಇಲ್ದಿದ್ರೆ ಯಂಗ ಯಲ್ಲಾಪುರಕ್ಕೆ ವಾಪಸ್ ಹೋಗ್ತ್ಯ."

ಸಮಿತಿಯ ಪರವಾಗಿ ಮಾಸ್ತರರು, ಅವರ ಹಿಂದೆ ಸಾವ್ಕಾರರು, ಅವರ ಹಿಂದೆ ಅಪ್ಪಯ್ಯ, ಮೂವರೂ ಏದುಸಿರು ಬಿಡುತ್ತ ಜಗಲಿಗೆ ಬಂದರು. ನಾನು ಮಾಳಿಗೆಯಿಂದ ಇಳಿದು ಬಾಗಿಲಲ್ಲಿ ನಿಂತೆ. ಅಂಗಳದ ತುಂಬ ಹೆಂಗಸರು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಅಂತೂ ಆ ವರ್ಷ ಅವರಿಗೂ ಒಂದು ಆಟ ಕಣ್ಣಿಗೆ ಕಂಡಿತು.

"ಎಂತ ಇದು ಸಿಸ್ಟರ್? ಮೈದಾನಕ್ಕೆ ಯಾಕೆ ಬಂದಿಲ್ಲ?" ಎಂದರು ಮಾಸ್ತರರು.

"ನೀವೇ ಬರೆದಿದ್ದೀರಿ ಮಾಸ್ತರೇ. ಬೇರೆ ಬಾಯಿ ಇರಕೂಡದು. ನಾನು ಕಾನೂನು ಮೀರುವವಳಲ್ಲ."

ಮಾಸ್ತರರ ಮುಖ ಕೆಂಪಾಯಿತು. ಸಾವ್ಕಾರರು ಮುಂದೆ ಬಂದರು. "ನರ್ಸಬಾಯೋರ, ಅದು ಆ ಬಾಯಿ ಅಲ್ರಿ."

"ಹೌದಾ. ಯಾವ ಬಾಯಿ ಹಾಗಾದ್ರೆ?"

"ಹಾರ್ನು. ಹಾರ್ನಿಗೆ ಬಾಯಿ ಅಂತಾರ ಭಟ್ರು."

"ಹಾರ್ನಾದ್ರೆ ಈ ಹುಡುಗಿಯನ್ನು ಯಾಕೆ ತಡೆದ್ರಿ? ಅವಳ ಕೈಯಲ್ಲಿ ಹಾರ್ನು ಇರಲಿಲ್ಲ. ಮನುಷ್ಯರ ಬಾಯಿ ಅಂತಾದ್ರೆ ನೀವೂ ಈಗ ಮಾತಾಡಬೇಡಿ, ನಿಮ್ಮದೂ ಬೇರೆ ಬಾಯಿಯೇ. ಹೆಂಗಸರು ಅಂತಾದ್ರೆ ನಾನು ಇಲ್ಲಿಯೇ ಕೂರ್ತೇನೆ. ಯಾವುದು ಅಂತ ನೀವು ಮೂರೂ ಜನ ಮಾತಾಡಿಕೊಂಡು ಹೇಳಿ. ನನಗೆ ಅವಸರ ಇಲ್ಲ. ಗಪ್ಪುವಿನ ಮೊಣಕಾಲಿಗೆ ಇರಬಹುದು."

ಕಲ್ಲಿನ ರಾಶಿಯ ಮೇಲೆ ಯಾರೋ ಕಿಸಕ್ಕೆಂದರು. ಸಾವ್ಕಾರರೂ ಒಂದು ಗಳಿಗೆ ನಗು ತಡೆದುಕೊಂಡ ಹಾಗೆ ಕಂಡಿತು. ಅವರು ಕೆಟ್ಟವರಲ್ಲ. ವ್ಯಾಪಾರದವರು. ಸರಕು ಎಲ್ಲಿದೆ ಎಂದು ಅವರಿಗೆ ತಿಳಿದುಬಿಟ್ಟಿತ್ತು. ಮಾಸ್ತರರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಏನ್ ಬೇಕ ತಂಗಿ ನಿಂಗ?"

ಆ ಪ್ರಶ್ನೆಗೆ ನಾನು ಒಂದು ವರ್ಷದಿಂದ ಬಚ್ಚಲೊಲೆಯ ಮುಂದೆ ಉತ್ತರ ಕಲಿತಿದ್ದೆ. "ಮೈಕು ನನ್ನ ಕೈಗೆ ಬರವು. ಹಾರ್ನು ಈ ಕಡೆ ತಿರುಗವು. ಪೆಟ್ಟಿಗೆ ಅಪ್ಪಯ್ಯನ ಹತ್ರವೇ ಇರವು."

"ಮೂರೂ ನಿಂದ ಆದ್ರ ನಂದೇನೈತಿ ಇದ್ರಾಗ? ಮೈಕು ಹಿಡಿ. ಪೆಟ್ಟಿಗಿನೂ ಇರ್ಲಿ. ಹಾರ್ನು ನನ್ನ ಕಡೆ."

"ಹಾರ್ನು ಈ ಕಡೆ ಆಗದಿದ್ರೆ ನಂಗೆ ಮೈಕೂ ಬ್ಯಾಡ. ಕಿಟಕಿ ಸಾಕು. ಇವತ್ತು ಎಂಟು ಲೋಟ ಅಲ್ಲ, ಹದಿನಾರು ಬೇಲಿಗೆ ಬತ್ತು."

ಅಪ್ಪಯ್ಯನ ಕಡೆ ಕಣ್ಣು ಹಾಯಿಸಿದೆ. ಅವರ ಮುಖ ಬೆಳ್ಳಗಾಗಿತ್ತು. ಈಗ ಸಾವ್ಕಾರರು ಪೆಟ್ಟಿಗೆ ಒಯ್ಯುತ್ತೇನೆ ಎಂದರೆ ಮುಗಿಯಿತು. ಸಾವ್ಕಾರರು ಗಲ್ಲ ಕೆರೆದುಕೊಂಡರು. ಆಗ ಅಪ್ಪಯ್ಯ ನೆಲ ನೋಡುತ್ತ, ಯಾರಿಗೂ ಅಲ್ಲ ಎಂಬ ಹಾಗೆ ಹೇಳಿದರು.

"ಬಾಯಿ ಕಂಬಕ್ಕೆ ಕಟ್ಟಿದ್ದು. ತಿರುಗಿಸ್ಲಕ್ಕು. ಹಾಫ್‌ಟೈಮಿನ ತನಕ ಆ ಕಡೆ. ಆಮೇಲೆ ಈ ಕಡೆ."

ಅಪ್ಪಯ್ಯ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮೈದಾನದಿಂದ ಗಪ್ಪು, "ಮುಗತ್ತಾ?" ಎಂದು ಕೂಗಿದ. ಸಾವ್ಕಾರರು ಕೈ ಮೇಲೆತ್ತಿದರು. "ಆತು. ಹಾಕ್ರಿ ಮಾಸ್ತರ, ಬರೀರಿ."

ಬರೆಯುವಾಗ ಮಾಸ್ತರರು ಬಾಯಿ ಎಂಬ ಶಬ್ದವನ್ನು ಹೊಡೆದು ಹಾಕಿ ಕಹಳೆ ಎಂದು ತಿದ್ದಿದರು. ನರ್ಸಬಾಯಿ ಡಬ್ಬಿ ಎತ್ತಿಕೊಂಡು ದಿಬ್ಬ ಇಳಿದರು. ಅಪ್ಪಯ್ಯ ಕಂಬ ಹತ್ತಿ ಹಾರ್ನನ್ನು ಅಂಗಳದ ಕಡೆ ತಿರುಗಿಸಿದರು. ಮೈಕು ನನ್ನ ಕೈಯಲ್ಲಿತ್ತು. ಅವತ್ತು ಯಲ್ಲಾಪುರ ಗೆದ್ದಿತು. ಸಿದ್ದಾಪುರದ ಲೀಗು ಅಲ್ಲಿಗೆ ಮುಗಿಯಿತು.

ಮೂರನೇ ಭಾನುವಾರ ಶಿರಸಿಗೂ ಯಲ್ಲಾಪುರಕ್ಕೂ ಆಟ, ಗೆದ್ದವರಿಗೆ ಲೀಗಿನ ಕಪ್. ಮೊದಲರ್ಧ ಕರಾರಿನ ಪ್ರಕಾರ ಹೋಟೆಲಿಗೆ ಹೇಳಿದೆ. ಹೋಟೆಲು ತುಂಬಿ ಹೊರಗಿನ ಬೆಂಚೂ ತುಂಬಿತ್ತಂತೆ. ಎರಡೂ ಕಡೆ ಒಂದೊಂದು ಗೋಲು. ಹಾಫ್‌ಟೈಮಿನಲ್ಲಿ ಅಪ್ಪಯ್ಯ ಕಂಬ ಹತ್ತಿದರು, ಹಾರ್ನು ಕಿರ್ರೆಂದು ತಿರುಗಿತು. ಅದರ ಜೊತೆಗೇ ಹೋಟೆಲಿನ ಗಂಡಸರೆಲ್ಲ ಎದ್ದು ರಸ್ತೆ ದಾಟಿ ಬಂದರು. ಚಿರೆಕಲ್ಲು ಬಿಟ್ಟುಕೊಡಿ ಎಂದು ಒಬ್ಬ ದುರ್ಗಮ್ಮನಿಗೆ ಹೇಳಿದನಂತೆ. "ಇಲ್ಲಿ ಗಂಡಸ್ರಿಗೆ ಜಾಗ ಇಲ್ಲ," ಎಂದಳಂತೆ ಅವಳು. ಅವರು ಬೇಲಿಯ ಹೊರಗೆ ನಿಂತು ಕೇಳಿದರು.

ಕೊನೆಯ ಐದು ನಿಮಿಷ. ಗಪ್ಪು ದೂರದಿಂದ ಒಂದು ಚೆಂಡು ಒದ್ದ. ಅದರಲ್ಲಿ ಜೋರೇ ಇರಲಿಲ್ಲ, ಸಂಜೆ ಮನೆಗೆ ಬರುವ ಹಸುವಿನ ಹಾಗೆ ಉರುಳುತ್ತ ಬಂತು. ಬಾಬು ಬಗ್ಗಿದ. ಚೆಂಡು ಅವನ ಎರಡು ಕಾಲಿನ ನಡುವೆ ಹಾದು ಗೋಲಿನೊಳಕ್ಕೆ ಹೋಯಿತು.

ಮೈದಾನದಲ್ಲಿ ಇದ್ದವರಿಗೆ ಕಂಡಿತು. ಆದರೆ ಹಾರ್ನಿನ ಮುಂದೆ ಕೂತವರಿಗೆ ನಾನು ಹೇಳಿದಷ್ಟೇ ಆಟ. ದುರ್ಗಮ್ಮ ಎಲ್ಲಿ ಕೂತಿದ್ದಾಳೆ ಎಂದು ನನಗೆ ಗೊತ್ತಿತ್ತು. ಕಾಲು ಜಾರಿತು ಎನ್ನಬಹುದಿತ್ತು, ಬಿಸಿಲು ಕಣ್ಣಿಗೆ ಹೊಡೆಯಿತು ಎನ್ನಬಹುದಿತ್ತು. ಒಂದು ಉಸಿರು ತೆಗೆದುಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. "ಚೆಂಡು ಬಾಬುವಿನ ಕಾಲಿನ ನಡುವೆ ಹೋಯ್ತು. ಗೋಲು. ಯಲ್ಲಾಪುರ ಎರಡು, ಶಿರಸಿ ಒಂದು."

ಶಿರಸಿ ಸೋತಿತು. ಮೈಕು ಇಟ್ಟು ಅಂಗಳಕ್ಕೆ ಹೋದೆ. ದುರ್ಗಮ್ಮ ಬುಟ್ಟಿ ಎತ್ತಿಕೊಂಡು ನಿಂತಿದ್ದಳು.

"ಬೈತೀಯಾ?" ಎಂದೆ.

"ಯಾಕ್ ಬೈಲಿ? ಇಷ್ಟು ವರ್ಷ ಆ ಬಾಬು ಮನೀಗ್ ಬಂದು, ಆಯಿ ಹಂಗ್ ಹಿಡ್ದೆ ಹಿಂಗ್ ಹಿಡ್ದೆ ಅಂತಿದ್ದ. ಇವತ್ ಬರ್ಲಿ, ಕೇಳ್ತೆ." ಬುಟ್ಟಿಯಲ್ಲಿ ಉಳಿದಿದ್ದ ಅಬ್ಬಲಿಗೆಯನ್ನೆಲ್ಲ ನನ್ನ ಮುಡಿಗೆ ಸಿಕ್ಕಿಸಿದಳು. ಸಿಕ್ಕಿಸುವಾಗ ಅವಳ ಕಣ್ಣು ಒದ್ದೆಯಾಗಿದ್ದು ನಾನು ನೋಡಲಿಲ್ಲ ಎನ್ನುವ ಹಾಗೆ ಇದ್ದೆ. ಅವಳಿಗೂ ಅದೇ ಬೇಕಾಗಿತ್ತು.

ಮೂರು ದಿನ ಬಿಟ್ಟು ಸಾವ್ಕಾರರು ಅಂಗಡಿಗೆ ಬಂದರು. ಈ ಸಲ ಮಿಠಾಯಿಯ ಪೊಟ್ಟಣ ತಂದಿದ್ದರು.

"ಭಟ್ರ, ಮುಂದಿನ ವರ್ಷಕ್ಕ ಈಗ್ಲೇ ಮಾತಾಡೂಣು. ಮಾಸ್ತರು ಬ್ಯಾಡ, ಈ ತಂಗಿನ ಬೇಕು. ಇನ್ನೊಂದ ಹಾರ್ನೂ ಕಟ್ರಿ, 'ಬಾಯಿ' ಎರಡು ಆಗ್ಲಿ. ಆದ್ರ ತಂಗೀ, ಶಿರಸಿ ಸೋತಾಗ ನನ್ನ ಗಿರಾಕಿ ಎಲ್ಲಾ ಮಕಾ ಇಳಿಸಿ ಬೇಲಿಂದನ ಮನಿಗೆ ಹೋದ್ರು. ಒಂದೂ ಭಜಿ ಹೋಗ್ಲಿಲ್ಲ. ಮುಂದಿನ ವರ್ಷ ಗೋಲು ಆದ್ರೂ ಜರಾ ತಡದು ಹೇಳು. ಸೋಲೂ ಆಟನ ಸ್ವಲ್ಪ ಗೆಲ್ಲೂ ಹಂಗ ಹೇಳು. ಚಾ ಮುಗಿಯೂ ತನಕ. ನಿನ್ನ ಬಾಯಿ ನನ್ನ ಹೋಟೆಲ್ಲಿಗೆ ಅಂತ ಬರ್ದ ಬಿಡೂಣು."

ಎರಡು ಹಾರ್ನು. ನಾನು ಕೇಳಿದ್ದಕ್ಕಿಂತ ಹೆಚ್ಚು. ಬೇಡ ಎನ್ನಲು ನಾನು ಬಾಯಿ ತೆರೆದೆ. ಅಪ್ಪಯ್ಯ ಅಡ್ಡಿಲ್ಲೆ ಎನ್ನುವ ಮೊದಲೇ ಹೇಳಿಬಿಡಬೇಕೆಂಬ ಅವಸರ. ಆದರೆ ಅವರು ಕುರ್ಚಿಯಿಂದ ಎದ್ದರು. ಲೆಕ್ಕದ ಹಲಗೆಯ ಬಳಿಯಿದ್ದ ಸೀಮೆಸುಣ್ಣ ತೆಗೆದುಕೊಂಡರು. ಏಣಿ ಎಳೆದು ಬಾಗಿಲಿಗೆ ಒರಗಿಸಿ ಹತ್ತಿದರು. ಸಾವ್ಕಾರರೂ ನಾನೂ ಹೊರಗೆ ಬಂದು ಮೇಲೆ ನೋಡಿದೆವು. "ಮೈಕು, ಪೆಟ್ರೋಮ್ಯಾಕ್ಸು, ಜಮಖಾನೆ, ದೊಡ್ಡ ಪಾತ್ರೆ ಬಾಡಿಗೆಗೆ ಇವೆ" ಎಂಬುದರ ಕೆಳಗೆ ಅಪ್ಪಯ್ಯ ನಿಧಾನವಾಗಿ, ಒಂದೊಂದೇ ಅಕ್ಷರ ತೀಡಿ ಬರೆದರು: "ಬಾಯಿ ಬಾಡಿಗೆಗೆ ಇಲ್ಲ."

ಸಾವ್ಕಾರರು ಎರಡು ಸಲ ಓದಿದರು. ಮಿಠಾಯಿಯ ಪೊಟ್ಟಣ ನನ್ನ ಕೈಯಲ್ಲಿಟ್ಟು, ನಗುತ್ತಲೋ ಸಿಟ್ಟಿನಲ್ಲೋ ತಿಳಿಯದ ಹಾಗೆ ತಲೆಯಾಡಿಸಿ ಹೋದರು. ಮಾರನೆಯ ದಿನ ಅವರ ಆಳು ಬಂದು ಪೆಟ್ಟಿಗೆ ಒಯ್ದ. ಆ ಬೇಸಿಗೆಯ ಮದುವೆಗಳಲ್ಲಿ ನಮ್ಮ ಹಳೆಯ ಪೆಟ್ಟಿಗೆ ಮಂತ್ರದ ನಡುವೆ ಕೆಮ್ಮುತ್ತಲೇ ದುಡಿಯಿತು.

ಅಕ್ಷರ ಮಾಸಿದಾಗಲೆಲ್ಲ ಅಪ್ಪಯ್ಯ ಏಣಿ ಹತ್ತಿ ಮತ್ತೆ ಬರೆಯುತ್ತಿದ್ದರು. ಹಳ್ಳಿಯಿಂದ ಸೆಟ್ಟು ಕೇಳಲು ಬಂದ ಎಷ್ಟೋ ಜನ ಹಲಗೆ ಓದಿ, "ಬಾಯಿ ಇಲ್ದೇ ಬರೀ ಮೈಕು ತಗಂಡು ಎಂತ ಮಾಡದು ಭಟ್ರೆ?" ಎಂದು ಕೇಳಿ ಬೇರೆ ಅಂಗಡಿಗೆ ಹೋಗಿದ್ದುಂಟು. ಅದನ್ನು ಅಳಿಸಿಬಿಡಿ ಎಂದು ಆಯಿ ಎಷ್ಟು ಸಲ ಹೇಳಿದಳೋ. ಅವರು ಸೀಮೆಸುಣ್ಣದ ಕೈ ಪಂಚೆಗೆ ಒರೆಸಿಕೊಳ್ಳುತ್ತಿದ್ದರು, ಅಡ್ಡಿಲ್ಲೆ ಎಂದು ಮಾತ್ರ ಅನ್ನಲಿಲ್ಲ.